ಮಾರ್ಟಿಯ ಪ್ಯಾನ್‌ಕೇಕು, ನನ್ನ ಉಪ್ಪಿಟ್ಟು

‘ಕ್ರೈಸ್ತರ ಪ್ರೇಮಕಥೆ ನಿಮಗ್ಯಾಕೆ ಮೇಡಂ?’ ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಾರೆ. ನನ್ನ ಕೈಯಲ್ಲಿರುವುದು ಕೆನಡಾದ ಜ್ಯಾನೆಟ್ ಓಕ್ 1979ರಲ್ಲಿ ಬರೆದ ‘ಲವ್ ಕಮ್ಸ್ ಸಾಫ್ಟ್‌ಲಿ’.

ಬಂಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟ ಬಸುರಿ ಮಾರ್ಟಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಮಣ್ಣು ಮಾಡಿದ ದಿನವೇ ವಿಧುರ ಕ್ಲಾರ್ಕನನ್ನು ಮದುವೆಯಾಗುತ್ತಾಳೆ. ಅವಳಿಗೆ ಸೂರು ಬೇಕು, ಅವನ ಪುಟ್ಟ ಮಿಸ್ಸಿಗೆ ತಾಯಿ ಬೇಕು. ಒಗ್ಗದಿದ್ದರೆ ಮುಂದೆ ಊರಿಗೆ ಮರಳಲು ಖರ್ಚು ಕೊಡುತ್ತೇನೆ ಎಂದಿದ್ದಾನೆ. ಅಡುಗೆ ಬಾರದ ಅವಳು ಹೊತ್ತುಹೊತ್ತಿಗೂ ಪ್ಯಾನ್‌ಕೇಕು ಹುಯ್ಯುತ್ತಾಳೆ. ಅವನು ಗೊಣಗದೆ ತಿನ್ನುತ್ತಾನೆ, ಪ್ರಾರ್ಥಿಸುತ್ತಾನೆ, ಕಾಯುತ್ತಾನೆ.

ನಾನೂ ಎರಡನೇ ಸಂಬಂಧಕ್ಕೆ ಬಂದವಳು. ತವರಿನಿಂದ ತಂದ ಟ್ರಂಕನ್ನು ಆರು ತಿಂಗಳು ಪೂರ್ತಿ ಬಿಚ್ಚಿರಲಿಲ್ಲ. ಸಾರು ಮಾಡಲು ಬಾರದೆ ದಿನವೂ ಉಪ್ಪಿಟ್ಟು ಬಡಿಸುತ್ತಿದ್ದೆ. ನಮ್ಮವರು ಒಂದು ಮಾತೂ ಆಡಲಿಲ್ಲ. ಬಾಗಿಲ ಮರೆಯಿಂದಲೇ ನನ್ನನ್ನು ನೋಡುತ್ತಿದ್ದ ನಾಲ್ಕು ವರ್ಷದ ಹುಡುಗಿ ಒಂದು ಬೆಳಿಗ್ಗೆ ತಟ್ಟೆ ಸರಿಸಿ, ‘ಅಮ್ಮಾ, ಉಪ್ಪಿಟ್ಟು ಬೇಡ’ ಅಂದಳು. ನನಗೆ ಕೇಳಿಸಿದ್ದು ಮೊದಲನೇ ಮಾತು ಮಾತ್ರ. ಅಂದು ಸಂಜೆ ಟ್ರಂಕು ಖಾಲಿ ಮಾಡಿದೆ.

ಮಾರ್ಟಿ ಕೈಮುಗಿಯುವ ದೇವರು ಬೇರೆ, ನನ್ನ ದೇವರ ಗೂಡು ಬೇರೆ. ಆದರೂ ಅವಳ ಅಡುಗೆಮನೆ ನನಗೆ ಹೊಸದೆನಿಸುವುದಿಲ್ಲ. ನಗುವವರಿಗೆ ಇದನ್ನೆಲ್ಲ ಹೇಗೆ ಹೇಳಲಿ? ಬೆಲ್ಲು ಹೊಡೆಯುವವರೆಗೆ ಇನ್ನೆರಡು ಪುಟ ಓದುತ್ತೇನೆ.