ಕ್ಯೂಬಿಗೊಂದು ಪಿಗ್ಮಿ ಖಾತೆ

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಗ ಟಕಟಕ ಎನ್ನುವ ಸದ್ದೊಂದು ಮಾಮೂಲಾಗಿದೆ. ಊಟಕ್ಕೆ ಕರೆದರೂ ಅದು ನಿಲ್ಲುವುದಿಲ್ಲ, ದೀಪ ಆರಿಸಿದರೂ ಹೊದಿಕೆಯೊಳಗಿಂದ ಕೇಳಿಸುತ್ತದೆ. ಅದು ರೂಬಿಕ್ ಕ್ಯೂಬಿನ ಸದ್ದು. ನನ್ನ ವಯಸ್ಸಿನವರಿಗೆ ಅದೊಂದು ಬಣ್ಣದ ಡಬ್ಬಿ. ಮಕ್ಕಳಿಗೆ ಮಾತ್ರ ಅದು ಓಟದ ಪಂದ್ಯ.

ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಪಾಠ ಹೇಳುತ್ತಿದ್ದ ಎರ್ನೋ ರೂಬಿಕ್ ಎಂಬವರು ಇದನ್ನು 1974ರಲ್ಲಿ ರೂಪಿಸಿದರು. ಅದೇ ಊರಿನಲ್ಲಿ 1982ರಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದಾಗ, ಅಮೆರಿಕದಿಂದ ಬಂದ ಮಿನ್ ಥಾಯ್ ಎಂಬ ಹುಡುಗ 22.95 ಸೆಕೆಂಡಿನಲ್ಲಿ ಜೋಡಿಸಿ ಗೆದ್ದ. 2023ರಲ್ಲಿ ಮ್ಯಾಕ್ಸ್ ಪಾರ್ಕ್ ಎಂಬ ಅಮೆರಿಕದ ಯುವಕ 3.13 ಸೆಕೆಂಡಿನಲ್ಲಿ ಮುಗಿಸಿದ. ನಾನು ಕನ್ನಡಕ ಹುಡುಕಿ ಮೂಗಿಗೇರಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು!

ನಮ್ಮ ಮನೆಯ ಟಕಟಕ ಮೊಮ್ಮಗನದು. ಒಂಬತ್ತನೇ ತರಗತಿಯಲ್ಲಿದ್ದ. ಕ್ಯೂಬ್ ಜೋಡಿಸಲು ಅವನಿಗೆ ಸರಾಸರಿ 48 ಸೆಕೆಂಡು ಬೇಕಿತ್ತು. ಮೂರು ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯುವ ಸ್ಪರ್ಧೆಗೆ ಹೋಗಬೇಕು, 30ರ ಒಳಗೆ ಬರಬೇಕು ಎಂಬುದು ಅವನ ಹಟ. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನೂರಕ್ಕೆ 51 ಬಂತು. ಮಗ ಒಂದೂ ಮಾತಾಡದೆ ಕ್ಯೂಬನ್ನು ಬೀರುವಿನ ಮೇಲಿಟ್ಟ. ಹುಡುಗ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. "ಮಾವ, ನೀವೇ ಏನಾದರೂ ಹೇಳಿ. ಅಪ್ಪ ಮಗ ಇಬ್ಬರೂ ಮುಖ ಊದಿಸಿಕೊಂಡಿದ್ದಾರೆ" ಎಂದಳು ಸೊಸೆ.

ಬಿ.ಕಾಂ. ಓದಿ, ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ಗುಮಾಸ್ತ ನಾನು. ನನಗೆ ತಿಳಿದದ್ದು ಲೆಕ್ಕ ಒಂದೇ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದ ಸಂಗತಿ ಹಿರಿಯ ಓದುಗರಿಗೆ ಗೊತ್ತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಮೊತ್ತ ಸಣ್ಣದು, ಆದರೆ ದಿನ ತಪ್ಪುವ ಹಾಗಿಲ್ಲ. ಕ್ಯೂಬಿಗೂ ಅಂಥದೇ ಖಾತೆ ತೆರೆಯೋಣ ಎಂದೆ. ದಿನಕ್ಕೆ ಇಪ್ಪತ್ತು ನಿಮಿಷ, ಅದೂ ಮನೆಪಾಠ ಮುಗಿದ ಮೇಲೆ. ಭಾನುವಾರ ಮೂರು ಗಂಟೆ ಒಟ್ಟಿಗೆ ಆಡುವ ಹಾಗಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕ ಏರದಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕ್ಯೂಬು ಬೀರುವಿನ ಮೇಲೆಯೇ. ಮಗ ಒಪ್ಪಿದ. ಮೊಮ್ಮಗ, "ಅಜ್ಜ, ಇಪ್ಪತ್ತು ನಿಮಿಷದಲ್ಲಿ ಏನಾಗತ್ತೆ?" ಎಂದು ಗೊಣಗಿಕೊಂಡೇ ಒಪ್ಪಿದ.

ದಿನದ ಕೊನೆಗೆ ನಗದು ತಾಳೆಯಾಗದಿದ್ದರೆ ಗಾಬರಿಯಿಂದ ಎಲ್ಲವನ್ನೂ ಮತ್ತೆ ಎಣಿಸುತ್ತ ಕೂರಬಾರದು, ವ್ಯತ್ಯಾಸ ಯಾವ ಪುಟದಲ್ಲಿದೆ ಎಂದು ಮೊದಲು ಹುಡುಕಬೇಕು. ಅವನ 48 ಸೆಕೆಂಡನ್ನೂ ಹಾಗೆಯೇ ಬಿಡಿಸಿದೆವು. ಅವನು ಅನುಸರಿಸುವುದು ಜೆಸಿಕಾ ಫ್ರಿಡ್ರಿಕ್ ಎಂಬ ವಿದುಷಿ ಜನಪ್ರಿಯಗೊಳಿಸಿದ ಕ್ರಮ. ಮೊದಲು ಒಂದು ಮುಖದಲ್ಲಿ ಕೂಡು ಗುರುತಿನಂಥ ಕ್ರಾಸ್, ಆಮೇಲೆ ಕೆಳಗಿನ ಎರಡು ಪದರ, ಕೊನೆಗೆ ಮೇಲಿನ ಪದರ. ಗಡಿಯಾರ ಹಿಡಿದು ನೋಡಿದರೆ ಕ್ರಾಸಿಗೆ 9, ಎರಡು ಪದರಕ್ಕೆ 24, ಮೇಲಿನ ಪದರಕ್ಕೆ 15 ಸೆಕೆಂಡು. ಅರ್ಧ ಹೊತ್ತು ನಡುವೆಯೇ ಸೋರುತ್ತಿತ್ತು.

ಗಮನಿಸಿ ನೋಡಿದೆ. ಅವನ ಬೆರಳು ನಿಧಾನವಲ್ಲ. ಒಂದು ಜೋಡಿ ಕೂರಿಸಿದ ಮೇಲೆ ಮುಂದಿನ ಜೋಡಿ ಎಲ್ಲಿದೆ ಎಂದು ಹುಡುಕುವಾಗ ಕೈ ನಿಂತುಬಿಡುತ್ತಿತ್ತು. ನಮ್ಮ ಶಾಖೆಯಲ್ಲಿದ್ದ ಹಳೆಯ ಕ್ಯಾಷಿಯರೊಬ್ಬರು ನೋಟಿನ ಕಂತೆ ಎಣಿಸುವುದು ನೆನಪಾಯಿತು. ಅವರ ಕೈ ಅವಸರ ಮಾಡುತ್ತಲೇ ಇರಲಿಲ್ಲ, ಆದರೆ ನಡುವೆ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಎಲ್ಲರಿಗಿಂತ ಮೊದಲು ಅವರ ಕಂತೆಯೇ ಮುಗಿಯುತ್ತಿತ್ತು.

ಇಪ್ಪತ್ತು ನಿಮಿಷವನ್ನು ಮೂರು ಪಾಲು ಮಾಡಿದೆವು. ಮೊದಲ ಐದು ನಿಮಿಷ ಗಡಿಯಾರವಿಲ್ಲದೆ, ಬೇಕೆಂದೇ ನಿಧಾನ ಜೋಡಣೆ. ಕೈ ಒಂದು ಜೋಡಿಯನ್ನು ಕೂರಿಸುತ್ತಿರುವಾಗ ಕಣ್ಣು ಮುಂದಿನದನ್ನು ಹುಡುಕಬೇಕು, ಕೈ ಮಾತ್ರ ನಿಲ್ಲಬಾರದು. ಮುಂದಿನ ಏಳು ನಿಮಿಷ ಒಂದೇ ಒಂದು ವಿಷಯ: ಒಂದು ದಿನ ಕ್ರಾಸ್, ಮರುದಿನ ಒಂದು ಹೊಸ ಸೂತ್ರ. ಕೊನೆಯ ಎಂಟು ನಿಮಿಷ ಸ್ಪರ್ಧೆಯಂತೆ ಐದು ಜೋಡಣೆ. ಕಲಸಿ ಕೊಡುವುದು ನಾನು, ಸಮಯ ಬರೆಯುವುದೂ ನಾನು. ಹಳೆಯ ಡೈರಿಯೊಂದು ಲೆಡ್ಜರಾಯಿತು.

ಸೂತ್ರಗಳಲ್ಲೂ ಮಿತವ್ಯಯ ಬೇಕಾಯಿತು. ಮೇಲಿನ ಪದರವನ್ನು ಎರಡೇ ಹಂತದಲ್ಲಿ ಮುಗಿಸಲು 57 ಮತ್ತು 21, ಒಟ್ಟು 78 ಸಂದರ್ಭಗಳನ್ನು ಕಲಿಯಬೇಕು. ನಾಲ್ಕು ಹಂತ ಮಾಡಿಕೊಂಡರೆ 10 ಮತ್ತು 6, ಒಟ್ಟು 16 ಸಾಕು. ಮೊದಲು ಈ ಹದಿನಾರು ಕೈಗೆ ಕೂರಲಿ, ಉಳಿದದ್ದು ರಜೆಯಲ್ಲಿ ಎಂದು ತೀರ್ಮಾನಿಸಿದೆವು.

ಕ್ಯೂಬಿಲ್ಲದೆಯೂ ಅಭ್ಯಾಸವುಂಟು ಎಂಬುದು ನನಗೆ ಹೊಸತು. ಸ್ಪರ್ಧೆಯಲ್ಲಿ ಆರಂಭಿಸುವ ಮುನ್ನ ಕ್ಯೂಬನ್ನು ನೋಡಲು 15 ಸೆಕೆಂಡು ಕೊಡುತ್ತಾರೆ. ಎಷ್ಟೇ ಕಲಸಿದ್ದರೂ ಕ್ರಾಸನ್ನು 8 ತಿರುವಿನೊಳಗೆ ಮಾಡಬಹುದು. ಆ ತಿರುವುಗಳನ್ನು ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡರೆ ಕಣ್ಣು ಮುಚ್ಚಿಯೂ ಕ್ರಾಸ್ ಮಾಡಬಹುದು. ಸೂತ್ರಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವಾಗ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. "ನಿಮ್ಮ ಹುಡುಗನಿಗೆ ಏನಾಗಿದೆ?" ಎಂದು ಪಕ್ಕದ ಮನೆಯವರು ಕೇಳಿದ್ದೂ ಉಂಟು.

ಮೊದಲ ಮೂರು ವಾರ ಲೆಡ್ಜರಿನಲ್ಲಿ ಲಾಭ ಕಾಣಲಿಲ್ಲ. ಹೊಸ ಕ್ರಮಕ್ಕೆ ಹೊಂದಿಕೊಳ್ಳುವಾಗ 48 ಇದ್ದದ್ದು 50ಕ್ಕೆ ಏರಿತು. ಹುಡುಗ ಡೈರಿ ಮುಚ್ಚಿ ಎದ್ದುಹೋದ. ಮರುದಿನ ನಾನೇನೂ ಹೇಳದೆ ಕ್ಯೂಬು ಕಲಸಿಟ್ಟು ಕೂತೆ. ಬಂದ. ಆರನೇ ವಾರಕ್ಕೆ 41, ಹನ್ನೊಂದನೇ ವಾರಕ್ಕೆ 33.

ಕ್ಯೂಬು ಆಡಿದರೆ ಗಣಿತ ತಾನಾಗಿ ಬರುತ್ತದೆಂದು ನಾನು ಹೇಳಲಾರೆ. ಆದರೆ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಅಭ್ಯಾಸವನ್ನು ಅವನು ಗಣಿತದ ಪುಸ್ತಕಕ್ಕೂ ಒಯ್ದ. ತಪ್ಪಿದ ಲೆಕ್ಕಗಳನ್ನು ಗುರುತು ಹಾಕಿ ನೋಡಿದರೆ ಹೆಚ್ಚಿನವು ಒಂದೇ ಕಡೆ, ಬೀಜಗಣಿತದ ಚಿಹ್ನೆಗಳಲ್ಲಿ. ದಿನಾ ಅಂಥ ಐದೇ ಲೆಕ್ಕ ಮಾಡಿದ. ಮುಂದಿನ ಪರೀಕ್ಷೆಯಲ್ಲಿ 69 ಬಂತು. ಬೆಂಗಳೂರಿಗೆ ಟಿಕೆಟ್ ಕಾಯ್ದಿರಿಸಿದವನು ಮಗನೇ.

ಸ್ಪರ್ಧೆಯಲ್ಲಿ ಐದು ಸಲ ಅವಕಾಶ. ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಅವನದು 36.42, 33.10, 41.07, 31.85, 29.64. ಸರಾಸರಿ 33.79. ಅಂದುಕೊಂಡ 30 ದಾಟಲಾಗಲಿಲ್ಲ, ಎರಡನೇ ಸುತ್ತಿಗೂ ಹೆಸರು ಬರಲಿಲ್ಲ. ಮೂರನೇ ಸಲ ಕೈ ನಡುಗಿದ್ದು ದೂರದಲ್ಲಿ ಕೂತಿದ್ದ ನನಗೂ ಕಂಡಿತ್ತು. ಆದರೂ ಆ ನಡುಕದ ನಂತರವೇ 29.64 ಬಂತು. ಅವನ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ.

ನನ್ನ ಓರಗೆಯವರಿಗೆ ಒಂದು ಮಾತು. ನಮಗೆ ಕ್ಯೂಬ್ ಜೋಡಿಸಲು ಬರಬೇಕಾಗಿಲ್ಲ. ಕಲಸಿ ಕೊಡಲು, ಹೊತ್ತು ನೋಡಲು, ಇದ್ದದ್ದನ್ನು ಇದ್ದಂತೆ ಬರೆದಿಡಲು ಬಂದರೆ ಸಾಕು. ಮಕ್ಕಳೇ, ನಿಮಗೂ ಒಂದು ಮಾತು: ನಿಮ್ಮ ಅಜ್ಜ ಅಜ್ಜಿಯನ್ನು ಗಡಿಯಾರ ಹಿಡಿದು ಕೂರಿಸಿ ನೋಡಿ. ಅವರ ಬಳಿ ಹೊತ್ತಿದೆ, ನಿಮ್ಮ ಬಳಿ ಇಲ್ಲದಿರುವುದು ಅದೇ ತಾನೆ?

ಈ ವರ್ಷ ಮೊಮ್ಮಗ ಹತ್ತನೇ ತರಗತಿ. ದಿನದ ಠೇವಣಿಯನ್ನು ತಾನಾಗಿಯೇ ಹತ್ತು ನಿಮಿಷಕ್ಕೆ ಇಳಿಸಿದ್ದಾನೆ. ನಿನ್ನೆಯ ಸರಾಸರಿ 30.8.