ಎರಡು ಎಚ್ಚರಿಕೆಗಳು

ಭಯವೆಂಬುದು ಮನುಷ್ಯನಿಗೆ ನಿಸರ್ಗವು ಕೊಟ್ಟ ಕಾವಲುಗಾರ. ಆದರೆ ಕಾವಲುಗಾರನ ವೇಷವನ್ನೇ ತೊಟ್ಟು ಮನೆಗೆ ನುಗ್ಗುವ ಕಳ್ಳರೂ ಲೋಕದಲ್ಲಿದ್ದಾರೆ. ಗಣಕಯಂತ್ರವು ಮನೆಮನೆಗೂ ಬಂದ ಮೇಲೆ ಅಂಥವರಿಗೆ ಹೊಸದೊಂದು ಬಾಗಿಲು ದೊರೆತಿದೆ.

ನಿವೃತ್ತ ಉಪಾಧ್ಯಾಯರೊಬ್ಬರು ಒಂದು ಸಂಜೆ ಗಣಕಯಂತ್ರದ ಮುಂದೆ ಕುಳಿತು ಹಳೆಯ ಹಾಡೊಂದನ್ನು ಹುಡುಕುತ್ತಿದ್ದರು. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಯಿತು. ಸೈರನ್ನಿನ ಸದ್ದು ಮೊಳಗಿತು. ಯಂತ್ರಕ್ಕೆ ವೈರಸ್ ತಗುಲಿದೆ, ಬ್ಯಾಂಕಿನ ವಿವರಗಳು ಕಳುವಾಗುತ್ತಿವೆ, ಯಂತ್ರವನ್ನು ಆರಿಸದೆ ಕೂಡಲೇ ಈ ಸಂಖ್ಯೆಗೆ ಕರೆಮಾಡಿ ಎಂಬ ಬರಹ ಕಾಣಿಸಿತು. ಮೇಲೆ ಮೈಕ್ರೋಸಾಫ್ಟ್ ಸಂಸ್ಥೆಯ ಲಾಂಛನ. ಕೆಳಗೆ ಅವರದೇ ಊರಿನ ಹೆಸರು! ಜೀವಮಾನದ ದುಡಿಮೆಯ ಉಳಿತಾಯವು ಅವರ ಕಣ್ಣಮುಂದೆ ಸುಳಿಯಿತು. ನಡುಗುವ ಕೈ ದೂರವಾಣಿಯತ್ತ ಚಾಚಿತು.

ಅಡುಗೆಮನೆಯಿಂದ ಬಂದ ಅವರ ಪತ್ನಿ ಪರದೆಯನ್ನು ನೋಡಿ ಒಂದೇ ಮಾತು ಕೇಳಿದರು: "ರೋಗ ಬಂದಿದೆ ಎಂದು ಹೇಳುವವನೂ ಅವನೇ, ಔಷಧ ಮಾರುವವನೂ ಅವನೇ ಅಲ್ಲವೆ?" ಚಾಚಿದ ಕೈ ಅಲ್ಲಿಯೇ ನಿಂತಿತು.

ಆ ಪ್ರಶ್ನೆಯಲ್ಲಿ ದೊಡ್ಡ ವಿವೇಕವಿತ್ತು. ಜಾಲತಾಣದ ಪುಟವೊಂದು ಯಂತ್ರದೊಳಗಿನ ಕಡತಗಳನ್ನೆಲ್ಲ ತಪಾಸಣೆ ಮಾಡಲಾರದು. ಮಾಡಿದಂತೆ ಚಿತ್ರ ತೋರಿಸಬಲ್ಲದು, ಅಷ್ಟೆ. ಊರಿನ ಹೆಸರೂ ಪವಾಡವಲ್ಲ. ಅಂತರ್ಜಾಲ ಸಂಪರ್ಕದ ವಿಳಾಸದಿಂದ ಅದನ್ನು ಯಾವ ತಾಣವಾದರೂ ಸುಮಾರಾಗಿ ಊಹಿಸಬಹುದು. ತನ್ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.

ಈ ವಂಚನೆ ಹೊಸತಲ್ಲ. ಸುಳ್ಳು ತಪಾಸಣೆಯಿಂದ ಹೆದರಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ತಂತ್ರಾಂಶ ಮಾರಿದರೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಕೆಲವರ ವಿರುದ್ಧ ಮೊಕದ್ದಮೆ ಹೂಡಿತು. 2012ರಲ್ಲಿ ನ್ಯಾಯಾಲಯವು 16 ಕೋಟಿ ಡಾಲರುಗಳಿಗೂ ಮಿಕ್ಕಿದ ಮೊತ್ತವನ್ನು ತೆರಬೇಕೆಂದು ತೀರ್ಪಿತ್ತಿತು.

ಹಾಗಾದರೆ ನಿಜವಾದ ಎಚ್ಚರಿಕೆಯನ್ನು ಗುರುತಿಸುವುದು ಹೇಗೆ? ಅಪಾಯದ ತಾಣಕ್ಕೆ ಹೊರಟವರಿಗೆ ಬ್ರೌಸರ್ ಕೂಡ ಕೆಂಪು ಪುಟವನ್ನೇ ತೋರಿಸುತ್ತದೆ. ಆದರೆ ಅದು "ಹಿಂದಕ್ಕೆ ಹೋಗು" ಎನ್ನುತ್ತದೆ. ಸುಳ್ಳು ಪುಟವು "ಮುಂದಕ್ಕೆ ಬಾ" ಎನ್ನುತ್ತದೆ. ವಿಂಡೋಸ್ ತನ್ನ ಸೂಚನೆಯನ್ನು ಸಾಮಾನ್ಯವಾಗಿ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಶಾಂತವಾಗಿ ತಿಳಿಸುತ್ತದೆ. ಹಾಗೆಂದು ಮೂಲೆಯಲ್ಲಿ ಕಂಡದ್ದೆಲ್ಲ ನಿಜವೆಂದಲ್ಲ; ಜಾಲತಾಣಗಳೂ ಅಲ್ಲಿಗೆ ಸೂಚನೆ ಕಳುಹಿಸಬಲ್ಲವು. ಆದುದರಿಂದ ಬಂದ ಸೂಚನೆಯನ್ನು ಒತ್ತದೆ, ಸ್ಟಾರ್ಟ್ ಪಟ್ಟಿಯಿಂದ ವಿಂಡೋಸ್ ಸೆಕ್ಯುರಿಟಿಯನ್ನು ತಾವೇ ತೆರೆದು ನೋಡುವುದು ಲೇಸು. ಅಪಾಯವು ನಿಜವಾದರೆ ಅದರ ದಾಖಲೆ ಅಲ್ಲಿರುತ್ತದೆ.

ಉಪಾಧ್ಯಾಯರು ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರು. ಪರದೆಯನ್ನು ತುಂಬಿದ್ದ ಪುಟವು ಕುಗ್ಗಿ, ಅದನ್ನು ಮುಚ್ಚುವ ಗುರುತು ಕಾಣಿಸಿತು. ಮುಚ್ಚಿದೊಡನೆ ಸೈರನ್ನೂ ಅಡಗಿತು. ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು ತಪಾಸಣೆ ನಡೆಸಿದಾಗ ಯಾವ ದೋಷವೂ ಕಾಣಲಿಲ್ಲ.

ಅವರಿಗೆ ನಾಚಿಕೆಯಾಯಿತು. ಆದರೆ ಹೆದರಿದ್ದು ಅಪರಾಧವಲ್ಲ. ಕರೆಮಾಡಿ ಹಣ ಕಳೆದುಕೊಂಡವರು ಸಹ ನಾಚಿ ಸುಮ್ಮನಿರದೆ, ತಮ್ಮ ಬ್ಯಾಂಕಿಗೂ ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ತಡಮಾಡದೆ ತಿಳಿಸಬೇಕು. ಮೌನವು ವಂಚಕನಿಗೆ ಮಾತ್ರ ಲಾಭ.

ಮರುದಿನ ಯಂತ್ರದ ಪಕ್ಕದ ಗೋಡೆಯ ಮೇಲೆ ಚೀಟಿಯೊಂದು ಅಂಟಿತ್ತು. ಉಪಾಧ್ಯಾಯರ ದುಂಡಾದ ಅಕ್ಷರಗಳಲ್ಲಿ ಅದರ ಮೇಲೆ ಹೀಗೆ ಬರೆದಿತ್ತು: "ಅವಸರಪಡಿಸುವವನನ್ನು ಕಾಯಿಸು."