ಪ್ರೊಪೆಲರ್ ತಿರುಗುತ್ತಿರಬೇಕು

ಹಳೆಯ ವಿಮಾನಗಳ ಫೋಟೋ ತೆಗೆಯುವ ಹುಚ್ಚಿನವರಲ್ಲಿ ಎರಡು ಪಂಗಡ. ಒಂದು ಮ್ಯೂಸಿಯಂ ಪಂಗಡ, ಇನ್ನೊಂದು ಏರ್‌ಶೋ ಪಂಗಡ. ಮೊದಲನೆಯವರು ವಿಮಾನದ ಸುತ್ತ ಪ್ರದಕ್ಷಿಣೆ ಹಾಕ್ತಾ ಒಂದೊಂದು ರಿವೆಟ್ಟನ್ನೂ ಬಿಡದೆ ತೆಗೆಯುತ್ತಾರೆ. ಎರಡನೆಯವರು ಟೊಪ್ಪಿ ಹಾಕ್ಕೊಂಡು, ನೀರಿನ ಬಾಟಲಿ ಹಿಡ್ಕೊಂಡು, ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು, ಹತ್ತು ಸೆಕೆಂಡಲ್ಲಿ ಹಾದುಹೋಗುವ ವಿಮಾನಕ್ಕೆ ಕಾಯುತ್ತಾರೆ. ನನ್ನ ಹೆಸರು ಎರಡೂ ಕಡೆ ಇದೆ. ಲೆನ್ಸಿನ ಇಎಂಐ ಮಾತ್ರ ಒಂದೇ.

ಬೆಂಗಳೂರಿನವರಿಗೆ ಇದೊಂದು ಅದೃಷ್ಟ. ಎರಡೂ ಇಲ್ಲೇ ಸಿಗುತ್ತವೆ. ಹಳೇ ಏರ್‌ಪೋರ್ಟ್ ಕಡೆ ಹೋದರೆ 2001ರಲ್ಲಿ ಶುರುವಾದ ಎಚ್‌ಎಎಲ್ ಮ್ಯೂಸಿಯಂ ಇದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇದೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ. ಟ್ರಾಫಿಕ್ಕನ್ನು ಬೈಯುವುದು ನಮ್ಮ ಊರಿನ ಧರ್ಮ, ನಿಜ. ಆದರೆ ಅದೇ ಟ್ರಾಫಿಕ್ಕಲ್ಲಿ ತಲೆ ಎತ್ತಿದರೆ ತರಬೇತಿ ವಿಮಾನವೋ ಹೆಲಿಕಾಪ್ಟರೋ ಕಾಣುವ ಊರು ಇನ್ನೆಷ್ಟಿವೆ ಹೇಳಿ?

ಮ್ಯೂಸಿಯಂ ವಿಮಾನ ಓಡಿಹೋಗುವುದಿಲ್ಲ, ಆದ್ದರಿಂದ ಸುಲಭ ಅಂತ ಅನ್ನಿಸುತ್ತೆ. ಹಾಗೇನಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಲೋಹದ ಮೈ ಬೆಳ್ಳಗೆ ಸುಟ್ಟುಹೋಗುತ್ತೆ, ರೆಕ್ಕೆಯ ಅಡಿಭಾಗ ಕಪ್ಪು ಮಸಿ. ಮೋಡ ಕವಿದ ದಿನವೇ ಒಳ್ಳೆಯದು. ಹಿಂದೆ ಮರ, ಕಂಬಿ, ಸೆಲ್ಫಿ ತೆಗೆಯುವ ಶಾಲಾ ಮಕ್ಕಳು. ನೆಲಕ್ಕೆ ಕೂತು ಕ್ಯಾಮೆರಾ ಕೆಳಗಿಟ್ಟರೆ ಕಂಬಿ ಮರೆಯಾಗಿ, ಹಿನ್ನೆಲೆಗೆ ಆಕಾಶ ಬರುತ್ತದೆ. ತೀರಾ ಹತ್ತಿರದಿಂದ ವೈಡ್ ಲೆನ್ಸಲ್ಲಿ ತೆಗೆದರೆ ಮೂಗು ಸೋರೆಕಾಯಿಯಷ್ಟು ಉದ್ದವಾಗುತ್ತೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ವಿಮಾನ ತನ್ನ ನಿಜವಾದ ಆಕಾರಕ್ಕೆ ವಾಪಸ್ ಬರುತ್ತದೆ. ಇಷ್ಟೆಲ್ಲ ಮಾಡಿದಾಗ ಚೆಂದದ ಚಿತ್ರ ಸಿಗುತ್ತದೆ. ಆದರೂ ಏನೋ ಕಮ್ಮಿ. ಆ ಕಮ್ಮಿ ಏನು ಅಂತ ಗೊತ್ತಾಗೋದು ಏರ್‌ಶೋನಲ್ಲಿ.

ಅಲ್ಲಿ ಒಂದು ವಿಚಿತ್ರ ಇದೆ. ಜೆಟ್ ವಿಮಾನವನ್ನು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಲ್ಲಿ ಹಿಡಿದರೆ ಚಿತ್ರ ಗರಿಗರಿ. ಅದೇ ವೇಗದಲ್ಲಿ ಡಕೋಟಾವನ್ನು ಹಿಡಿದರೆ? ಪ್ರೊಪೆಲರ್ ನಿಮಿಷಕ್ಕೆ ಸುಮಾರು 1200 ಸುತ್ತು ತಿರುಗುತ್ತಿದೆ ಅಂದ್ಕೊಳ್ಳಿ, ಅಂದರೆ ಸೆಕೆಂಡಿಗೆ 20. ಷಟರ್ ತೆರೆದು ಮುಚ್ಚುವಷ್ಟರಲ್ಲಿ ಅದು ತಿರುಗಿದ್ದು ಬರೀ 3.6 ಡಿಗ್ರಿ. ಚಿತ್ರದಲ್ಲಿ ಪ್ರೊಪೆಲರ್ ಕಡ್ಡಿಯ ಹಾಗೆ ನಿಂತುಬಿಡುತ್ತೆ, ವಿಮಾನ ಜಾತ್ರೆಯಲ್ಲಿ ದಾರ ಕಟ್ಟಿ ನೇತುಹಾಕಿದ ಆಟಿಕೆಯಾಗುತ್ತೆ. 1/125ಕ್ಕೆ ಇಳಿಸಿದರೆ 58 ಡಿಗ್ರಿಯಷ್ಟು ಮಸುಕು. 1/60ಕ್ಕೆ ಇಳಿಸಿದರೆ 120 ಡಿಗ್ರಿ. ಮೂರು ಅಲಗಿನ ಪ್ರೊಪೆಲರ್ ಆದ್ದರಿಂದ ಪೂರ್ತಿ ಗಾಜಿನ ತಟ್ಟೆಯೇ ಮೂಡುತ್ತದೆ. ಆದರೆ ಅಷ್ಟು ನಿಧಾನದಲ್ಲಿ ಉದ್ದ ಲೆನ್ಸ್ ಹಿಡಿದು ವಿಮಾನದ ಜೊತೆಗೇ ಸೊಂಟ ತಿರುಗಿಸಬೇಕು. ಉಸಿರು ಸ್ವಲ್ಪ ಹೆಚ್ಚುಕಮ್ಮಿಯಾದರೂ ಎಲ್ಲ ಕಲಸುಮೇಲೋಗರ. ನೂರು ತೆಗೆದರೆ ನಾಲ್ಕು ಉಳಿಯಬಹುದು. ಆ ನಾಲ್ಕರಲ್ಲಿ ವಿಮಾನದ ಮೈ ಸ್ಪಷ್ಟ, ಪ್ರೊಪೆಲರ್ ಮಸುಕು. ಆ ಮಸುಕೇ ಅದರ ಉಸಿರು. ಮ್ಯೂಸಿಯಂ ಚಿತ್ರದಲ್ಲಿ ಕಮ್ಮಿ ಇದ್ದದ್ದು ಅದೇ.

ನಮ್ಮ ವಾಯುಪಡೆಯ ವಿಂಟೇಜ್ ವಿಮಾನಗಳಲ್ಲಿ ಈ ಉಸಿರು ಇನ್ನೂ ಇದೆ. ಟೈಗರ್ ಮಾತ್, ಹಾರ್ವರ್ಡ್, ಮತ್ತೆ ಡಕೋಟಾ. ಡಕೋಟಾದ ಹೆಸರು ಪರಶುರಾಮ. ರಾಜೀವ್ ಚಂದ್ರಶೇಖರ್ ಅವರು ಉಡುಗೊರೆಯಾಗಿ ಕೊಟ್ಟದ್ದು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದವರು. ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ಭಾರತಕ್ಕೆ ಹಾರಿಯೇ ಬಂತು. ಬಾಲದ ಹತ್ತಿರ ಬರೆದಿರುವ ವಿಪಿ 905 ಅನ್ನೋ ಸಂಖ್ಯೆ ಅದರ ಹುಟ್ಟಿನ ಸಂಖ್ಯೆಯಲ್ಲ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಇಳಿದ ಡಕೋಟಾದ ಗೌರವಾರ್ಥ ಇಟ್ಟದ್ದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ. ಎರಡು ಎಂಜಿನ್, ಒಂದೊಂದಕ್ಕೂ 14 ಸಿಲಿಂಡರ್. ಅದರ ಸದ್ದು ಜೆಟ್ ತರಹ ಕಿವಿ ಹರಿಯೋದಿಲ್ಲ, ಎದೆಯಲ್ಲಿ ಗುಡುಗುಡು ಅನ್ನುತ್ತೆ.

ಇಷ್ಟು ಹೇಳಿದ ಮೇಲೆ ಕಷ್ಟದ ಮಾತನ್ನೂ ಹೇಳಬೇಕು. ಪ್ರೊಪೆಲರ್ ತಿರುಗಬೇಕು ಅಂತ ನಾನು ಆಸೆಪಟ್ಟರೆ, ಅದರ ಹಿಂದೆ ಒಬ್ಬ ಮನುಷ್ಯ ಕೂತಿರಬೇಕು. 2022ರ ನವೆಂಬರ್ 12ರಂದು ಅಮೆರಿಕದ ಡಲ್ಲಾಸ್ ಏರ್‌ಶೋನಲ್ಲಿ ಎರಡನೇ ಮಹಾಯುದ್ಧ ಕಾಲದ ಬಿ-17 ಮತ್ತು ಪಿ-63 ಗಾಳಿಯಲ್ಲೇ ಡಿಕ್ಕಿಯಾದವು. ಆರು ಜನ ಹೋದರು. ಜೊತೆಗೆ, ಇನ್ನೆಂದೂ ಹುಟ್ಟದ ಎರಡು ವಿಮಾನ. ಹಳೆಯ ವಿಮಾನವಾದ್ದರಿಂದ ಹೀಗಾಯಿತು ಅನ್ನುವ ಹಾಗೂ ಇಲ್ಲ. 2019ರ ಫೆಬ್ರವರಿ 19ರಂದು ನಮ್ಮ ಯಲಹಂಕದಲ್ಲೇ ತಾಲೀಮಿನ ವೇಳೆ ಸೂರ್ಯಕಿರಣ್ ತಂಡದ ಎರಡು ಹಾಕ್ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅವೇನೂ ಹಳೆಯ ವಿಮಾನಗಳಲ್ಲ. ಹಾರುವುದೇ ಹಾಗೆ.

ಹಾಗಾದರೆ ಎಲ್ಲವನ್ನೂ ಮ್ಯೂಸಿಯಂನಲ್ಲಿ ನಿಲ್ಲಿಸಿಬಿಡೋಣವೇ? ಈ ಪ್ರಶ್ನೆ ಬಂದಾಗೆಲ್ಲ ನನಗೆ ಮಾರುತ್ ನೆನಪಾಗುತ್ತೆ. ಫಾಕ್-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್ ಜೊತೆ ರೂಪಿಸಿದ ಫೈಟರ್. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡವರೂ ಅವರೇ. ಹೌದು, ದಿನಾ ಮ್ಯಾಪ್ ನೋಡಿ ‘ಕೆಂಪು ಬಿದ್ದಿದೆ’ ಅಂತ ಗೊಣಗುತ್ತೀವಲ್ಲ, ಆ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ತಯಾರಾದ ಮಾರುತ್‌ಗಳು ಒಟ್ಟು 147. ಇವತ್ತು ಒಂದೂ ಹಾರುವುದಿಲ್ಲ. ಒಂದು ಎಚ್‌ಎಎಲ್ ಮ್ಯೂಸಿಯಂನಲ್ಲಿದೆ, ಮತ್ತೊಂದು ದೂರದ ಜರ್ಮನಿಯಲ್ಲಿ, ಮ್ಯೂನಿಕ್ ಹತ್ತಿರದ ಮ್ಯೂಸಿಯಂನಲ್ಲಿದೆ. ಹಾರುವ ಮಾರುತ್ ನನ್ನ ಲೆನ್ಸಿಗೆ ಯಾವತ್ತೂ ಸಿಗೋದಿಲ್ಲ. ಅದಕ್ಕೆ ಬೇಸರ ಇದೆ. ಆದರೆ ಅದನ್ನು ಮತ್ತೆ ಹಾರಿಸಿ ಅಂತ ಕೇಳುವ ಧೈರ್ಯ ನನಗಿಲ್ಲ.

ನನ್ನ ಲೆಕ್ಕ ಈಗ ಇಷ್ಟು: ಬಿಡಿಭಾಗ ಸಿಗುವ, ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಇರುವ, ಬೇರೆ ಕಡೆ ಇನ್ನಷ್ಟು ಉಳಿದಿರುವ ವಿಮಾನ ಹಾರಲಿ. ನೇರವಾಗಿ, ಮೆಲ್ಲಗೆ, ಜನರಿಂದ ದೂರ. ನಮಗೆ ಚಿತ್ರ ಚೆನ್ನಾಗಿ ಬರಲಿ ಅಂತ ಅದು ಪಲ್ಟಿ ಹೊಡೆಯಬೇಕಾಗಿಲ್ಲ. ಕೆಲವೇ ಉಳಿದಿರುವವು ನೆಲದ ಮೇಲಿರಲಿ, ತಲೆ ಮೇಲೊಂದು ಸೂರು ಇರಲಿ. ಬಯಲಲ್ಲಿ ನಿಂತ ವಿಮಾನವನ್ನು ಮಳೆ ಬಿಸಿಲು ಮೆಲ್ಲಗೆ ತಿನ್ನುತ್ತವೆ. ಟೈರು ಸೀಳುತ್ತೆ, ಕಾಕ್‌ಪಿಟ್ಟಿನ ಗಾಜು ಹಳದಿಯಾಗುತ್ತೆ, ಮತ್ತೆ ಬಣ್ಣ ಬಳಿದಾಗ ಹಳೆಯ ಪುಟ್ಟ ಪುಟ್ಟ ಅಕ್ಷರಗಳು ಅಳಿಸಿಹೋಗುತ್ತವೆ. ‘ಇಲ್ಲಿ ಕಾಲಿಡಬೇಡಿ’, ‘ಇಲ್ಲಿ ಎಣ್ಣೆ ತುಂಬಿ’ ಅನ್ನೋ ಆ ಅಕ್ಷರಗಳೇ ಈ ವಿಮಾನವನ್ನು ಯಾರೋ ದಿನಾ ಮುಟ್ಟುತ್ತಿದ್ದರು ಅನ್ನುವುದಕ್ಕೆ ಸಾಕ್ಷಿ. ಅದಕ್ಕೇ ವರ್ಷಕ್ಕೊಮ್ಮೆ ಹೋಗಿ ಅದೇ ಜಾಗದಲ್ಲಿ ನಿಂತು, ಅದೇ ಕೋನದಿಂದ ಮಾರುತ್‌ನ ಚಿತ್ರ ತೆಗೆಯುತ್ತೇನೆ. ಲೈಕ್ ಬರೋ ಚಿತ್ರಗಳಲ್ಲ ಅವು. ಫೋಲ್ಡರಿಗೆ ಇಸವಿ ಹಾಕಿ ಇಡ್ತೀನಿ.

ನೀವೂ ಈ ಭಾನುವಾರ ಹೋಗಿ. ಫೋನ್ ಸಾಕು. ಪೂರ್ತಿ ವಿಮಾನದ್ದು ಒಂದು ತೆಗೀರಿ, ಆಮೇಲೆ ಹತ್ತಿರ ಹೋಗಿ ಕಾಕ್‌ಪಿಟ್ಟಿನದೊಂದು. ಆ ಜಾಗ ಎಷ್ಟು ಇಕ್ಕಟ್ಟು ಅಂತ ನೋಡಿ. ನಮ್ಮ ಆಫೀಸಿನ ಕ್ಯೂಬಿಕಲ್ ಅದರ ಮುಂದೆ ಕಲ್ಯಾಣ ಮಂಟಪ.